ಸೀರೆಯ ಕೆಂಪು, ಗೋಡೆಯ ಗೆರೆ: ಫೋನಿನ ಕ್ಯಾಮೆರಾ ಆ್ಯಪ್‌ಗಳನ್ನು ಹೋಲಿಸಿ ನೋಡುವ ಕ್ರಮ

ಕೈಮಗ್ಗದ ಉಡುಪಿ ಸೀರೆಯ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಮಾರುವವರಿಗೆ ‘ಫೋಟೊದಲ್ಲಿ ಕಂಡ ಬಣ್ಣ ಬೇರೆ, ಕೈಗೆ ಬಂದದ್ದು ಬೇರೆ’ ಎಂಬ ಮಾತು ಹೊಸದಲ್ಲ. ಅದಕ್ಕೆ ಸಿಗುವ ಸಲಹೆಯೂ ಒಂದೇ: ಬೇರೆ ಕ್ಯಾಮೆರಾ ಆ್ಯಪ್ ಹಾಕಿ ನೋಡಿ. ಆದರೆ ಒಂದೇ ಫೋನಿನಲ್ಲಿರುವ ಎಲ್ಲ ಆ್ಯಪ್‌ಗಳೂ ಅದೇ ಸೆನ್ಸರ್ ಮತ್ತು ಅದೇ ಲೆನ್ಸಿನಿಂದಲೇ ಚಿತ್ರ ಪಡೆಯಬೇಕು. ಆಂಡ್ರಾಯ್ಡ್‌ನಲ್ಲಿ ಹೊರಗಿನ ಆ್ಯಪ್ ಜೆಪೆಗ್ (ಸಿದ್ಧ ಫೋಟೊ ಕಡತ) ಕೇಳಿದಾಗಲೂ ಅದನ್ನು ಬಹುಮಟ್ಟಿಗೆ ಸಿದ್ಧಪಡಿಸಿ ಕೊಡುವುದು ಫೋನ್ ತಯಾರಕರೇ ಅಳವಡಿಸಿದ ಸಂಸ್ಕರಣೆ. ಆ್ಯಪ್ ಬದಲಿಸಿದಾಗ ಕಾಣುವ ವ್ಯತ್ಯಾಸದ ಹೆಚ್ಚಿನ ಪಾಲು ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ತಿದ್ದುಪಡಿ), ಎಕ್ಸ್‌ಪೋಶರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ), ಎಚ್‌ಡಿಆರ್ (ಬೆಳಕು-ನೆರಳು ಎರಡೂ ಉಳಿಯುವಂತೆ ಹಲವು ಚಿತ್ರ ಬೆರೆಸುವುದು) ಇವುಗಳ ವಿಚಾರದಲ್ಲಿ ಆ ಸಂಸ್ಕರಣೆ ನಮ್ಮನ್ನು ಕೇಳದೆ ಕೈಗೊಂಡ ತೀರ್ಮಾನಗಳಿಂದ ಬಂದದ್ದು. ಆದ್ದರಿಂದ ಅವುಗಳನ್ನೆಲ್ಲ ನಮ್ಮ ಕೈಗೆ ತೆಗೆದುಕೊಂಡ ಮೇಲೂ ಉಳಿಯುವ ಅಂತರವನ್ನಷ್ಟೇ ಆ್ಯಪಿನ ಲೆಕ್ಕಕ್ಕೆ ಹಾಕಬೇಕು.

ಮೊದಲು ಬೆಳಕು. ಕರಾವಳಿಯ ಮನೆಯ ಜಗಲಿ ಫೋಟೊಗೆ ಚೆಂದ, ಪರೀಕ್ಷೆಗೆ ಅಲ್ಲ: ಅಂಗಳದ ಕೆಂಪುಮಣ್ಣು ಮತ್ತು ಮುರಕಲ್ಲಿನ ಗೋಡೆ ಕೆಳಗಿನಿಂದ ಕೆಂಪನ್ನೂ ತೆಂಗು, ಅಡಿಕೆಯ ಸೋಗೆಗಳು ಮೇಲಿನಿಂದ ಹಸಿರನ್ನೂ ಬಟ್ಟೆಯ ಮೇಲೆ ಚೆಲ್ಲುತ್ತವೆ. ತೆರೆದ ತಾರಸಿಯಲ್ಲಿ, ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರರ ನಡುವೆ, ಒಂದೇ ಸಮನೆ ಮೋಡ ಕವಿದಿರುವಾಗ ತೆಗೆಯುವುದು ಉತ್ತಮ. ಮೋಡ ಬಿಟ್ಟು ಬಿಟ್ಟು ಸರಿಯುವ ದಿನ ಎರಡು ಆ್ಯಪ್‌ಗಳ ನಡುವಿನ ಅರ್ಧ ನಿಮಿಷದಲ್ಲೇ ಬೆಳಕು ಬದಲಾಗಿರುತ್ತದೆ. ಒಳಗೆ ದೀಪದಡಿ ತೆಗೆಯಲೇಬೇಕಾದರೆ ನಮ್ಮ ವಿದ್ಯುತ್ತಿನ 50 ಹರ್ಟ್ಸ್‌ಗೆ ಹೊಂದುವಂತೆ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಚಿತ್ರದಲ್ಲಿ ಪಟ್ಟೆಗಳು ಬೀಳುವುದು ಬಹುತೇಕ ತಪ್ಪುತ್ತದೆ. ಎಸಿ ಕೋಣೆಯಿಂದ ಮಂಗಳೂರಿನ ಸೆಕೆಗೆ ತಂದ ಫೋನಿನ ಲೆನ್ಸಿನ ಮೇಲೆ ಮಂಜು ಕೂರುತ್ತದೆ, ಮಲ್ಪೆಯ ಕಡಲ ಗಾಳಿಗೆ ಉಪ್ಪಿನ ತೆಳು ಪೊರೆ ಕಟ್ಟುತ್ತದೆ. ಎರಡೂ ಬಣ್ಣವನ್ನು ಪೇಲವಗೊಳಿಸುವುದರಿಂದ ಫೋನು ಹೊರಗಿನ ಉಷ್ಣತೆಗೆ ಹೊಂದಿಕೊಳ್ಳುವವರೆಗೆ ಕಾದು, ಮೆತ್ತನೆಯ ಬಟ್ಟೆಯಿಂದ ಲೆನ್ಸ್ ಒರೆಸಿ.

ಬಟ್ಟೆಯ ಪಕ್ಕದಲ್ಲಿ ಬಣ್ಣರಹಿತವಾದ ಒಂದು ಆಧಾರವಸ್ತು ಇರಬೇಕು. ಪ್ರಿಂಟರಿನ ಬಿಳಿ ಕಾಗದ ಇದಕ್ಕೆ ಬೇಡ. ಅದರಲ್ಲಿ ಬೆರೆಸಿರುವ ಹೊಳಪುಕಾರಕಗಳು ಹಗಲಿನ ಅತಿನೇರಳೆ ಕಿರಣಕ್ಕೆ ನೀಲಿಯಾಗಿ ಮಿನುಗುತ್ತವೆ. ಛಾಯಾಗ್ರಾಹಕರ ಬೂದು ಕಾರ್ಡ್ ಇದ್ದರೆ ಸರಿ, ಇಲ್ಲದಿದ್ದರೆ ನಲ್ಲಿ ಕೆಲಸದವರು ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ಒಂದು ರಟ್ಟಿಗೆ ಹಲವು ಪದರ ಸುತ್ತಿಕೊಳ್ಳಿ. ಟೆಫ್ಲಾನ್ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಪ್ರತಿಫಲಿಸುವ ವಸ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಇದಕ್ಕಿಂತ ಲಾಭದ ಉಪಕರಣ ಈ ಕೆಲಸದಲ್ಲಿ ನನಗೆ ಕಂಡಿಲ್ಲ.

ಈಗ ಫೋನನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಚ್‌ಡಿಆರ್, ದೃಶ್ಯ ಗುರುತಿಸಿ ತಿದ್ದುವ ಎಐ, ಫಿಲ್ಟರು ಎಲ್ಲವನ್ನೂ ಆಫ್ ಮಾಡಿ. ಆಂಡ್ರಾಯ್ಡ್‌ನ ಓಪನ್ ಕ್ಯಾಮೆರಾ ಆ್ಯಪಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಮೆರಾ2 ಎಪಿಐ (ಕ್ಯಾಮೆರಾದ ಹಿಡಿತವನ್ನು ಆ್ಯಪಿಗೆ ಕೊಡುವ ಆಂಡ್ರಾಯ್ಡ್ ವ್ಯವಸ್ಥೆ) ಆಯ್ದುಕೊಂಡರೆ ಮಾತ್ರ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸ್ಪಂದನೆ), ಶಟರ್, ವೈಟ್ ಬ್ಯಾಲೆನ್ಸ್‌ಗಳ ಪೂರ್ಣ ಹಿಡಿತ ಸಿಗುತ್ತದೆ, ಅದೂ ಫೋನ್ ಅವಕಾಶ ಕೊಟ್ಟರೆ. ಎರಡೂ ಆ್ಯಪ್‌ಗಳಲ್ಲಿ ಬೆಳಕಿನ ಬಣ್ಣವನ್ನು 6500 ಕೆಲ್ವಿನ್ ಎಂದು ಒಂದೇ ಅಂಕಿ ಇಟ್ಟರೆ ಸಾಲದು. ಹಸಿರು-ಗುಲಾಬಿಯ ಕಡೆಗಿನ ವಾಲಿಕೆಯನ್ನು ಆ ಅಂಕಿ ಹೇಳುವುದಿಲ್ಲ. ಆದ್ದರಿಂದ ಪ್ರತಿ ಆ್ಯಪಿನಲ್ಲೂ ಟೆಫ್ಲಾನ್ ಬಣ್ಣರಹಿತವಾಗಿ ಬರುವಂತೆ ಬೇರೆ ಬೇರೆಯಾಗಿಯೇ ಹೊಂದಿಸಿಕೊಳ್ಳಬೇಕು. ಸೆನ್ಸರಿನ ಮಾಹಿತಿ ಸಂಸ್ಕರಣೆಯಾಗದೆ ಉಳಿಯುವ ಕಚ್ಚಾ ಕಡತವಾದ ಡಿಎನ್‌ಜಿಯನ್ನೂ ಜೊತೆಗೆ ಉಳಿಸಿಕೊಳ್ಳಿ. ಐಫೋನಿನ ಪ್ರೊ ಮಾದರಿಗಳಲ್ಲಿ 2020ರಿಂದ ಬಂದಿರುವ ಪ್ರೋರಾ ಎಂಬ ಕಚ್ಚಾ ಕಡತವು ಒಂದರ ಹಿಂದೊಂದು ತೆಗೆದ ಹಲವು ಚಿತ್ರಗಳನ್ನು ಬೆರೆಸಿ ಮಾಡಿದ್ದಾದ ಕಾರಣ ಅದನ್ನು ಸಾದಾ ಡಿಎನ್‌ಜಿಯ ಎದುರು ಇಡುವಾಗ ಆ ಭೇದ ನೆನಪಿರಲಿ.

ಅಳೆಯುವುದು ಕಂಪ್ಯೂಟರಿನಲ್ಲಿ, ‘ವಿವಿಡ್’ ಮೋಡಿನಲ್ಲಿರುವ ಫೋನಿನ ಪರದೆ ಸಾಕ್ಷಿಗೆ ಬರುವುದಿಲ್ಲ. ಐಫೋನಿನ ಚಿತ್ರಗಳು ಡಿಸ್‌ಪ್ಲೇ ಪಿ3 ಎಂಬ ವಿಶಾಲ ವರ್ಣಪ್ರೊಫೈಲಿನಲ್ಲಿ ಇರುವುದರಿಂದ ಎಲ್ಲ ಚಿತ್ರಗಳನ್ನೂ ಮೊದಲು ಸಾಮಾನ್ಯ ಪರದೆಗಳ ಪ್ರೊಫೈಲಾದ ಎಸ್‌ಆರ್‌ಜಿಬಿಗೆ ಪರಿವರ್ತಿಸಿ. ಉಚಿತ ತಂತ್ರಾಂಶವಾದ ಗಿಂಪ್‌ನ ಕಲರ್ ಪಿಕರ್‌ನಲ್ಲಿ ಸರಾಸರಿ ತೆಗೆಯುವ ಆಯ್ಕೆ ಹಾಕಿ ಟೆಫ್ಲಾನ್ ಮೇಲೆ ಒತ್ತಿದಾಗ ಕೆಂಪು, ಹಸಿರು, ನೀಲಿ ಮೂರೂ 200ರ ಆಸುಪಾಸಿನಲ್ಲಿ ಸಮನಾಗಿರಬೇಕು. 205, 200, 188 ಎಂದು ಬಂದರೆ ಚಿತ್ರ ಹಳದಿಗೆ ವಾಲಿದೆ. ಇದು ಸರಿಯಾದ ಮೇಲೆ ಸೀರೆಯ ಒಂದೇ ಜಾಗದ ಲ್ಯಾಬ್ ಮೌಲ್ಯಗಳನ್ನು (ಹೊಳಪಿಗೆ ಒಂದು, ಬಣ್ಣಕ್ಕೆ ಎರಡು ಅಂಕಿ) ಎರಡೂ ಚಿತ್ರಗಳಿಂದ ಬರೆದುಕೊಂಡು, ಮೂರು ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 1976ರ ಸೂತ್ರದ ಡೆಲ್ಟಾ ಇ, ಅಂದರೆ ಎರಡು ಬಣ್ಣಗಳ ನಡುವಿನ ಅಂತರ, ಸಿಗುತ್ತದೆ. ಸುಮಾರು 2ರವರೆಗಿನ ಅಂತರ ಅಕ್ಕಪಕ್ಕ ಇಟ್ಟರೂ ಕಷ್ಟದಿಂದ ಕಾಣುವಂಥದ್ದು, 5 ದಾಟಿದ್ದು ಗಿರಾಕಿಯ ಕಣ್ಣಿಗೂ ಬೀಳುವಂಥದ್ದು. ಆದರೆ ಗಾಢ ಬಣ್ಣಗಳಲ್ಲಿ ಈ ಹಳೆಯ ಸೂತ್ರ ಅಂತರವನ್ನು ಹಿಗ್ಗಿಸಿ ಹೇಳುತ್ತದೆ. ಯಾವ ಆ್ಯಪ್ ಹೆಚ್ಚು ನಿಜ ಎಂದು ಅಂಕಿಯಲ್ಲೇ ಹೇಳಬೇಕಾದರೆ, ಮೌಲ್ಯಗಳು ಮೊದಲೇ ಪ್ರಕಟವಾಗಿರುವ 24 ಚೌಕಗಳ ಕಲರ್‌ಚೆಕರ್ ಫಲಕ ಬೇಕು. ಅದಿಲ್ಲದಿದ್ದರೆ ಸೀರೆಯನ್ನು ಪರದೆಯ ಪಕ್ಕ ಹಿಡಿದು ಕಣ್ಣಿನಿಂದಲೇ ತೀರ್ಮಾನಿಸಬೇಕು.

ಗಾಢ ಕೆಂಪು ಪ್ರತ್ಯೇಕವಾಗಿ ನೋಡಬೇಕಾದ ಬಣ್ಣ. ಯಕ್ಷಗಾನದ ವೇಷದ ಕೆಂಪಾಗಲಿ, ಸೀರೆಯ ಅಂಚಾಗಲಿ, ಒಟ್ಟು ಚಿತ್ರ ಹದವಾಗಿ ಕಂಡರೂ ಕೆಂಪಿನ ಅಂಕಿಯೊಂದೇ ಗರಿಷ್ಠ ಮಿತಿಯಾದ 255ಕ್ಕೆ ಹೋಗಿ ಮುಟ್ಟಿರುತ್ತದೆ. ಆಗ ನೆರಿಗೆಯ ನೆರಳು, ಎಳೆಯ ಮೇಲೆ ಎಳೆ ಕೂತ ನೇಯ್ಗೆ ಎಲ್ಲ ಅಳಿಸಿ ಬಣ್ಣ ಬಳಿದ ಹಾಳೆಯಂತೆ ಕಾಣುತ್ತದೆ. ಎಕ್ಸ್‌ಪೋಶರನ್ನು ಮೂರನೇ ಎರಡು ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿ ಮತ್ತೆ ತೆಗೆದರೆ ಆ ಎಳೆಗಳು ಮರಳುತ್ತವೆ.

ಲೆನ್ಸಿನ ವಕ್ರತೆಯ, ಅಂದರೆ ನೇರ ಗೆರೆ ಬಾಗಿ ಕಾಣುವುದರ, ಪರೀಕ್ಷೆ ಇದಕ್ಕಿಂತ ಸುಲಭ. ಮುರಕಲ್ಲಿನ ಸಾಲಾಗಲಿ ಹಂಚಿನ ಮಾಡಾಗಲಿ ನಂಬುವಷ್ಟು ನೇರವಿರುವುದಿಲ್ಲ; ಗಾರೆಯವರ ತೂಗುಗುಂಡಿನ ದಾರವನ್ನು ಬಿಳಿ ಗೋಡೆಯೆದುರು ಇಳಿಬಿಡಿ. ಫೋನನ್ನು ಅಡ್ಡ ಹಿಡಿದು, ಗೋಡೆಗೆ ಸಮಾನಾಂತರವಾಗಿಟ್ಟು, ದಾರವು ಚಿತ್ರದ ಎಡ ಅಂಚಿನ ಹತ್ತಿರ ಮೇಲಿನಿಂದ ಕೆಳಗಿನವರೆಗೆ ಬರುವಂತೆ ತೆಗೆಯಿರಿ. ಕಂಪ್ಯೂಟರಿನಲ್ಲಿ ದಾರದ ಎರಡು ತುದಿಗಳ ನಡುವೆ ನೇರ ಗೆರೆ ಎಳೆದು, ಮಧ್ಯದಲ್ಲಿ ದಾರ ಎಷ್ಟು ಪಿಕ್ಸೆಲ್ ಸರಿದಿದೆ ಎಂದು ನೋಡಿ: 3000 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ 30 ಪಿಕ್ಸೆಲ್ ಎಂದರೆ ಶೇಕಡಾ 1. ಹೊರಕ್ಕೆ ಉಬ್ಬಿದ್ದು ಬ್ಯಾರೆಲ್ ವಕ್ರತೆ, ಒಳಕ್ಕೆ ಬಾಗಿದ್ದು ಪಿನ್‌ಕುಷನ್. ರಥಬೀದಿಯಲ್ಲಿ ಫೋನನ್ನು ಮೇಲೆತ್ತಿ ತೆಗೆದಾಗ ಬ್ರಹ್ಮರಥ ಹಿಂದಕ್ಕೆ ವಾಲಿದಂತೆ ಕಾಣುವುದು ಇವೆರಡೂ ಅಲ್ಲ. ಅದು ಕೋನದ ಫಲ, ಲೆನ್ಸಿನ ದೋಷವಲ್ಲ.

ಈ ಹೋಲಿಕೆ ದಾರಿ ತಪ್ಪುವುದು ಎರಡು ಕಡೆ. ಅಂಚಿನ ಕಸೂತಿಗೆಂದು ಬಹಳ ಹತ್ತಿರ ಹೋದಾಗ ಕೆಲವು ಫೋನುಗಳು ಸದ್ದಿಲ್ಲದೆ, ಹೆಚ್ಚು ಅಗಲದ ನೋಟ ಹಿಡಿಯುವ ಅಲ್ಟ್ರಾವೈಡ್ ಲೆನ್ಸಿಗೆ ಜಿಗಿಯುತ್ತವೆ, ಹೊರಗಿನ ಆ್ಯಪ್ ಮುಖ್ಯ ಲೆನ್ಸಿನಲ್ಲೇ ಉಳಿದಿರುತ್ತದೆ. ಚಿತ್ರದ ಕಡತದೊಳಗೇ ಉಳಿಯುವ ಎಕ್ಸಿಫ್ ವಿವರದಲ್ಲಿ ಫೋಕಲ್ ಲೆಂತ್ ಒಂದೇ ಇದೆಯೇ ಎಂದು ನೋಡದೆ ಮುಂದುವರಿಯಬೇಡಿ. ಇನ್ನೊಂದು ಅಲ್ಟ್ರಾವೈಡಿನದೇ ಸಮಸ್ಯೆ. ಗೆರೆಗಳನ್ನು ನೇರ ಮಾಡುವ ತಿದ್ದುಪಡಿ ಅಂಚಿನ ಭಾಗವನ್ನು ಹಿಗ್ಗಿಸುವುದರಿಂದ ಮದುವೆ ಹಾಲ್‌ನ ಗುಂಪು ಫೋಟೊದಲ್ಲಿ ಕೊನೆಯಲ್ಲಿ ನಿಂತ ಅತ್ತೆ ಇದ್ದದ್ದಕ್ಕಿಂತ ಅಗಲವಾಗಿ ಬರುತ್ತಾರೆ. ಮುಖದ ಆಕಾರ ಕಾಯುವ ಆ್ಯಪ್‌ಗಳು ಇದನ್ನು ಸರಿಪಡಿಸಲು ಹೋಗಿ ಹಿಂದಿನ ಕಂಬವನ್ನು ತುಸು ಬಾಗಿಸುತ್ತವೆ. ಕಟ್ಟಡ ತೆಗೆಯುವವರು ದಾರದ ಅಂಕಿಯನ್ನು ನಂಬಲಿ. ಮದುವೆಗೆ ಹೊರಟವರು ಮುಖ್ಯ ಲೆನ್ಸನ್ನೇ ಇಟ್ಟುಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದು ತೆಗೆಯಲಿ.