ಚಂಡಮಾರುತಕ್ಕೆ ಮುನ್ನ ಕಡಲತೀರದ ಊರನ್ನು ಸಜ್ಜುಗೊಳಿಸುವುದು ಹೇಗೆ?

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನೆಲ ಮುಟ್ಟಿದ್ದು ಗುಜರಾತಿನಲ್ಲಾದರೂ, ಅದು ಹಾದುಹೋದ ದಾರಿಯಲ್ಲಿದ್ದ ನಮ್ಮ ಕರಾವಳಿಯೂ ಕಡಲ್ಕೊರೆತ ಮತ್ತು ಮನೆಹಾನಿಯನ್ನು ಅನುಭವಿಸಿತು. ಹವಾಮಾನ ಇಲಾಖೆಯ ಮುನ್ಸೂಚನೆ ಈಗ ಸಾಕಷ್ಟು ಮೊದಲೇ ಮೊಬೈಲಿಗೆ ಬರುತ್ತದೆ. ಆದರೆ ಅದನ್ನು ಓದಲಾಗದವರ, ಓದಿದರೂ ಎದ್ದು ಹೊರಡಲಾಗದವರ ಮನೆಬಾಗಿಲಿಗೆ ಯಾರಾದರೂ ಹೋಗಲೇಬೇಕು. 1970ರ ಚಂಡಮಾರುತದಲ್ಲಿ ಲಕ್ಷಾಂತರ ಜನರನ್ನು ಕಳೆದುಕೊಂಡ ಬಾಂಗ್ಲಾದೇಶವು 1972ರಲ್ಲಿ ಊರೂರಿನ ಸ್ವಯಂಸೇವಕರ ಪಡೆ ಕಟ್ಟಿ, ಬಾವುಟ ಮತ್ತು ಧ್ವನಿವರ್ಧಕಗಳೊಂದಿಗೆ ಅವರನ್ನು ಮನೆಮನೆಗೆ ಕಳುಹಿಸಿದ್ದು ಇದಕ್ಕಾಗಿಯೇ. ನಮ್ಮ ಯುವಕ ಸಂಘ, ಯುವತಿ ಮಂಡಲಗಳೂ ಈ ಹೊಣೆ ಹೊರಬಲ್ಲವು.

ಮೊದಲ ಕೆಲಸ ಪಟ್ಟಿ ತಯಾರಿಸುವುದು. ಉಳಿದೆಲ್ಲವೂ ಇದನ್ನೇ ಅವಲಂಬಿಸಿದೆ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಜೊತೆಗೂಡಿ, ಹಾಸಿಗೆ ಹಿಡಿದವರು, ಗರ್ಭಿಣಿಯರು, ಅಂಗವಿಕಲರು, ಒಂಟಿಯಾಗಿರುವ ವೃದ್ಧರು ಯಾವ ಮನೆಯಲ್ಲಿದ್ದಾರೆ ಎಂದು ಏಪ್ರಿಲ್ ಒಳಗೇ ಬರೆದಿಡಬೇಕು. ಹೆಸರಷ್ಟೇ ಸಾಲದು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಬೇಕೇ, ಮನೆಯವರೆಗೆ ರಿಕ್ಷಾ ಹೋಗುತ್ತದೆಯೇ, ನಿತ್ಯದ ಮಾತ್ರೆ ಅಥವಾ ಇನ್ಸುಲಿನ್ ಯಾವುದು, ಕರೆತರುವ ಇಬ್ಬರು ಯಾರು ಎಂಬುದೂ ಅದರಲ್ಲಿರಬೇಕು. ದನಕರುಗಳನ್ನು ಬಿಟ್ಟು ಬರಲು ಒಪ್ಪದವರು ಅನೇಕರಿರುತ್ತಾರೆ; ಅವರನ್ನು ಗದರಿಸುವ ಬದಲು ಕೊಟ್ಟಿಗೆಗೆ ಪರ್ಯಾಯ ಜಾಗವನ್ನು ಮೊದಲೇ ಗೊತ್ತುಮಾಡುವುದು ಒಳ್ಳೆಯದು. ಗ್ರಾಮ ಪಂಚಾಯಿತಿಯಲ್ಲೂ ಪಟ್ಟಿಯ ಒಂದು ಪ್ರತಿ ಇರಲಿ.

ಆಸಕ್ತರು ವಿಪತ್ತಿನ ವೇಳೆ ನೆರವಾಗುವ ಸ್ವಯಂಸೇವಕರನ್ನು ಸಜ್ಜುಗೊಳಿಸುವ ‘ಆಪದ ಮಿತ್ರ’ ಯೋಜನೆಯ ತರಬೇತಿಯ ಬಗ್ಗೆ ಜಿಲ್ಲಾಡಳಿತದಲ್ಲಿ ವಿಚಾರಿಸಬಹುದು. ತರಬೇತಿ ಇಲ್ಲದವರು ಉಕ್ಕುವ ನೀರಿಗೆ ಇಳಿಯಲೇಬಾರದು. ಹಗ್ಗ ಕಟ್ಟಿದ, ಬಿಗಿಯಾಗಿ ಮುಚ್ಚಳ ಹಾಕಿದ ಖಾಲಿ ಕ್ಯಾನನ್ನು ದಡದಿಂದಲೇ ಎಸೆದು ಮುಳುಗುತ್ತಿರುವವರಿಗೆ ನೆರವಾಗಬಹುದು.

ಹವಾಮಾನ ಇಲಾಖೆಯ ಚಂಡಮಾರುತದ ಹಳದಿ ಎಚ್ಚರಿಕೆ ಹವೆ ಕೆಡುವುದಕ್ಕೆ ಕನಿಷ್ಠ 48 ಗಂಟೆ ಮೊದಲೂ, ಕಿತ್ತಳೆ ಎಚ್ಚರಿಕೆ 24 ಗಂಟೆ ಮೊದಲೂ ಬರುತ್ತದೆ. ಹಳದಿ ಬಂದಾಗ ನಾಡದೋಣಿಗಳನ್ನು ಮೇಲಕ್ಕೆಳೆದು ಕಟ್ಟಿಸಿ, ಕಡಲಲ್ಲಿರುವ ಬೋಟುಗಳ ಲೆಕ್ಕ ತೆಗೆದು, ಪಡಿತರ ಚೀಟಿ, ಜಾಗದ ಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಲು ಹೇಳಬೇಕು. ಕಿತ್ತಳೆ ಬಂದ ಮೇಲೆ ಕಾಯುವಂತಿಲ್ಲ: ಅಧಿಕಾರಿಗಳ ಸೂಚನೆಯಂತೆ ಪಟ್ಟಿಯಲ್ಲಿರುವವರನ್ನು ಹಗಲಿನಲ್ಲಿಯೇ ಕಾಳಜಿ ಕೇಂದ್ರಕ್ಕೆ ತಲುಪಿಸಬೇಕು. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಮತ್ತು ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗಳು ಪ್ರತಿಯೊಬ್ಬ ಸ್ವಯಂಸೇವಕರ ಬಳಿಯಿರಲಿ. ಗಾಳಿ ಏಕಾಏಕಿ ನಿಂತಿತೆಂದು ಯಾರನ್ನೂ ಹೊರಗೆ ಬಿಡಬಾರದು. ಚಂಡಮಾರುತದ ಕಣ್ಣು, ಅಂದರೆ ಅದರ ನಡುವಿನ ಶಾಂತ ಭಾಗ, ದಾಟಿದ ಮೇಲೆ ಎದುರು ದಿಕ್ಕಿನಿಂದ ಗಾಳಿ ಮತ್ತೆ ಅಪ್ಪಳಿಸುತ್ತದೆ.

ಎಲ್ಲವೂ ತಣಿದ ಮೇಲೆ, ಬಿದ್ದ ವಿದ್ಯುತ್ ತಂತಿಯ ಬಳಿ ಕಾವಲು ನಿಂತು ವಿದ್ಯುತ್ ಕಚೇರಿಗೆ ತಿಳಿಸಬೇಕು. ಬ್ಲೀಚಿಂಗ್ ಪುಡಿ ರೋಗಾಣುಗಳನ್ನು ಕೊಲ್ಲಬಹುದೇ ಹೊರತು ಬಾವಿಗೆ ನುಗ್ಗಿದ ಉಪ್ಪನ್ನು ತೆಗೆಯಲಾರದು. ಆದ್ದರಿಂದ ಅಂಥ ಮನೆಗಳಿಗೆ ಟ್ಯಾಂಕರ್ ನೀರು ಕೇಳಿ ತರಿಸಬೇಕು. ಹಾನಿಯಾದ ಮನೆ, ದೋಣಿ, ಬಲೆಗಳ ಫೋಟೊಗಳನ್ನು ಶುಚಿಗೊಳಿಸುವ ಮೊದಲೇ ತೆಗೆದು, ಪರಿಹಾರದ ಅರ್ಜಿ ಬರೆಯಲು ಬಾರದವರ ಪಕ್ಕದಲ್ಲಿ ಕುಳಿತು ಬರೆದುಕೊಡಿ.