ಮೆಟಲ್ ಕಾರ್ವಿಂಗ್ ಬೋರ್ಡ್ ಕೊಳ್ಳುವ ಮುಂಚೆ ನಿಮ್ಮ ಬೂಟು ಅಳೆಯಿರಿ

ಬೆಳಗಿನ ಗಟ್ಟಿ ಹಿಮ. ಸ್ನೋಬೋರ್ಡ್ ಪೂರ್ತಿ ಅಂಚಿನ ಮೇಲೆ ನಿಂತು ತಿರುಗುತ್ತದೆ, ಇದಕ್ಕೇ ಕಾರ್ವಿಂಗ್ ಅನ್ನುವುದು. ಕೆಳಗೆ ಬಂದು ತಲೆಯೆತ್ತಿ ನೋಡಿದರೆ ಪೆನ್ಸಿಲ್ಲಿನಲ್ಲಿ ಎಳೆದಂಥ ತೆಳು ಗೆರೆ, ಅಷ್ಟೆ. ಈ ಗೆರೆಯ ಹುಚ್ಚು ಹಿಡಿದವರೆಲ್ಲ ಒಂದಲ್ಲ ಒಂದು ದಿನ ಮೆಟಲ್ ಬೋರ್ಡ್ ಹುಡುಕಲು ಶುರು ಮಾಡುತ್ತಾರೆ. ನಾನೂ ಮಾಡಿದೆ, ಮತ್ತು ಮೊದಲ ಸಲ ತಪ್ಪು ಬೋರ್ಡ್ ತಂದೆ. 185 ಸೆಂ.ಮೀ. ಉದ್ದದ ರೇಸ್ ಬೋರ್ಡ್, ಸೆಕೆಂಡ್ ಹ್ಯಾಂಡ್, ನೋಡಲು ಕತ್ತಿಯ ಹಾಗಿತ್ತು. ಒಂದು ತಿರುವು ಮುಗಿಯುವ ಹೊತ್ತಿಗೆ ಇಳಿಜಾರಿನ ಅಗಲವೇ ಮುಗಿದಿರುತ್ತಿತ್ತು.

ಆ ಮಾದರಿಯ ಬೋರ್ಡ್ ಕೆಟ್ಟದ್ದೇನೂ ಅಲ್ಲ. ನನ್ನ ತೂಕಕ್ಕೆ, ನನ್ನ ಬೂಟಿಗೆ, ನಾನು ಹೋಗುವ ಇಳಿಜಾರಿಗೆ ಅದು ಹೊಂದಲಿಲ್ಲ. ಆ ಪೆಟ್ಟು ತಿಂದ ಮೇಲೆ ಕಲಿತದ್ದನ್ನು, ಯಾವುದು ಆದ ಮೇಲೆ ಯಾವುದನ್ನು ನೋಡಬೇಕು ಅನ್ನುವ ಕ್ರಮದಲ್ಲೇ ಹೇಳುತ್ತೇನೆ.

ಮೊದಲು, ಮೆಟಲ್ ಅಂದರೆ ಏನು ಅಂತ ತಿಳ್ಕೊಳ್ಳಿ

ಆಲ್ಪೈನ್ ಬೋರ್ಡ್ ಅಂದರೆ ಗಟ್ಟಿ ಪ್ಲಾಸ್ಟಿಕ್ ಬೂಟು, ಅದನ್ನು ಬೋರ್ಡಿಗೆ ಬಿಗಿಯುವ ಪ್ಲೇಟ್ ಬೈಂಡಿಂಗ್ ಹಾಕಿ ಓಡಿಸುವ ಉದ್ದನೆಯ, ಕಿರಿದಾದ ಬೋರ್ಡ್. ಒಳಗೆ ಮರದ ತಿರುಳು, ಅದರ ಮೇಲೆ ಕೆಳಗೆ ಫೈಬರ್‌ಗ್ಲಾಸ್. ಮೆಟಲ್ ಬೋರ್ಡಿನಲ್ಲಿ ಈ ಪದರಗಳ ಜೊತೆ ಅರ್ಧ ಮಿಲಿಮೀಟರ್ ಆಸುಪಾಸಿನ ಲೋಹದ ಹಾಳೆಗಳೂ ಇರುತ್ತವೆ. ಸಾಮಾನ್ಯವಾಗಿ ಅದು ಟೈಟನಾಲ್. ಹೆಸರು ಕೇಳಿ ಟೈಟಾನಿಯಂ ಅಂದುಕೊಳ್ಳಬೇಡಿ, ಅಂಗಡಿಯವರೇ ಎಷ್ಟೋ ಸಲ ಹಾಗೆ ಹೇಳಿಬಿಡುತ್ತಾರೆ. ಅದು ಸತು, ಮೆಗ್ನೀಸಿಯಂ, ತಾಮ್ರ ಬೆರೆಸಿದ ಗಟ್ಟಿ ಅಲ್ಯೂಮಿನಿಯಂ. ಆಸ್ಟ್ರಿಯಾದಲ್ಲಿ ತಯಾರಾಗುತ್ತದೆ, ಸ್ಕೀಗಳಲ್ಲಿ ದಶಕಗಳಿಂದ ಬಳಕೆಯಲ್ಲಿದೆ.

ಲೋಹ ಹಾಕಿದರೆ ಬೋರ್ಡ್ ಗಡುಸಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜಕ್ಕೂ ಆಗುವುದೇ ಬೇರೆ. ಲೋಹದ ಹಾಳೆ ತಿರುಚುವಿಕೆಯನ್ನು ಚೆನ್ನಾಗಿ ತಡೆಯುತ್ತದೆ, ಹಾಗಾಗಿ ಉದ್ದಕ್ಕೆ ಬಾಗುವ ವಿಷಯದಲ್ಲಿ ಬೋರ್ಡನ್ನು ಮೆತ್ತಗೆ ಮಾಡಿದರೂ ಮಂಜುಗಡ್ಡೆಯಂಥ ಹಿಮದ ಮೇಲೆ ಅಂಚು ಹಿಡಿತ ಬಿಡುವುದಿಲ್ಲ. ಇನ್ನೊಂದು ಲಾಭ ಕಂಪನದ್ದು. ಫೈಬರ್‌ಗ್ಲಾಸ್ ಬೋರ್ಡ್ ಒರಟು ಹಿಮದ ಮೇಲೆ ಗಡಗಡ ಅನ್ನುತ್ತದೆ, ಅದು ಮೊಣಕಾಲಿನವರೆಗೂ ಗೊತ್ತಾಗುತ್ತದೆ. ಮೆಟಲ್ ಬೋರ್ಡ್ ಅದೇ ಜಾಗದಲ್ಲಿ ಸುಮ್ನೆ ಸಾಗುತ್ತದೆ. ಲೋಹಕ್ಕೂ ಮರಕ್ಕೂ ನಡುವೆ ತೆಳು ರಬ್ಬರ್ ಪದರ ಹಾಕುತ್ತಾರಲ್ಲ, ಅದರ ಪಾಲೂ ಇದರಲ್ಲಿದೆ.

ಈ ಮೌನಕ್ಕೊಂದು ಅಪಾಯ ಉಂಟು: ವೇಗ ಎಷ್ಟಾಯಿತು ಅನ್ನುವುದು ಕಾಲಿಗೆ ಗೊತ್ತೇ ಆಗುವುದಿಲ್ಲ. ಇನ್ನೂ ಒಂದು ಮಾತು. ಗ್ಲಾಸ್ ಬೋರ್ಡ್ ಬಾಗಿದರೆ ಪುಟಿದು ವಾಪಸ್ ಬರುತ್ತದೆ, ಇಲ್ಲವೇ ಮುರಿಯುತ್ತದೆ. ಲೋಹ ಹಾಗಲ್ಲ. ಒಂದು ಮಿತಿ ದಾಟಿ ಬಾಗಿತೋ, ಹಾಗೇ ಉಳಿಯುತ್ತದೆ. ಹಾರುವುದು, ಉಬ್ಬುತಗ್ಗಿನಲ್ಲಿ ಕುಣಿಯುವುದು ಇಷ್ಟ ಅಂತಾದರೆ ಮೆಟಲ್ ಬೇಡವೇ ಬೇಡ. ಹಾರ್ಡ್ ಬೂಟಿಗೆ ಈಗಷ್ಟೇ ಬಂದವರಿಗೂ ಮೊದಲ ಸೀಸನ್‌ಗೆ ಗ್ಲಾಸ್ ಬೋರ್ಡೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಬಿದ್ದು ಎದ್ದು ಕಲಿಯುವಾಗ ಅಗ್ಗದ್ದು ಹಾಳಾಗಲಿ.

ಬೂಟು ಅಳೆಯಿರಿ, ಆಮೇಲೆ ಸೊಂಟದ ಅಗಲ

ಬೋರ್ಡಿನ ಮಧ್ಯದ ಕಿರಿದಾದ ಭಾಗಕ್ಕೆ ಸೊಂಟ ಅನ್ನೋಣ. ಆಲ್ಪೈನ್ ಬೋರ್ಡ್‌ಗಳಲ್ಲಿ ಅದು ಹೆಚ್ಚಾಗಿ 18ರಿಂದ 22 ಸೆಂ.ಮೀ. ಬೂಟಿನ ತುದಿಯೋ ಹಿಮ್ಮಡಿಯೋ ಅಂಚಿನಿಂದ ಆಚೆ ಚಾಚಿದರೆ, ಬೋರ್ಡ್ ಪೂರ್ತಿ ಓರೆಯಾದಾಗ ಅದು ಹಿಮಕ್ಕೆ ತಾಗುತ್ತದೆ. ತಾಗಿದ ಕೂಡಲೇ ಅಂಚು ಮೇಲೆದ್ದು, ನೀವು ಎದೆ ಮೇಲೆ ಜಾರುತ್ತಾ ಹೋಗುತ್ತೀರಿ. ಇದನ್ನೇ ಬೂಟ್-ಔಟ್ ಅನ್ನುವುದು. ಇದನ್ನು ತಪ್ಪಿಸಲು ಪಾದವನ್ನು ಬೋರ್ಡಿನ ಮುಂತುದಿಯ ಕಡೆ ತಿರುಗಿಸಬೇಕು. ಪಾದ ಪೂರ್ತಿ ಅಡ್ಡ ನಿಂತರೆ ಕೋನ ಸೊನ್ನೆ. ಬೋರ್ಡ್ ಎಷ್ಟು ಕಿರಿದೋ ಕೋನ ಅಷ್ಟು ಜಾಸ್ತಿ.

ಇಲ್ಲಿ ಊಹೆ ಬೇಡ, ಟೇಪು ಹಿಡಿಯಿರಿ. ಕಾಲಿನ ಸೈಜ್ ಅಲ್ಲ, ಬೂಟಿನ ಹೊರಗಿನ ಸೋಲ್ ಅಳೆಯಿರಿ. ಉದಾಹರಣೆಗೆ ಸೋಲ್ 31 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, ಎರಡೂ ತುದಿ ದುಂಡಗಿದೆ ಅಂತ ಇಟ್ಟುಕೊಳ್ಳಿ. ಬೈಂಡಿಂಗ್ 50 ಡಿಗ್ರಿಗೆ ಇಟ್ಟರೆ ಈ ಬೂಟು ಅಡ್ಡಕ್ಕೆ ಸುಮಾರು 23.5 ಸೆಂ.ಮೀ. ಜಾಗ ತಿನ್ನುತ್ತದೆ. 55 ಡಿಗ್ರಿಗೆ 22. 60 ಡಿಗ್ರಿಗೆ 20.5. 65ಕ್ಕೆ ಹೋದರೆ 19ರ ಒಳಗೆ. ಪಾದದ ಕೆಳಗೆ ಬೋರ್ಡ್ ಸೊಂಟಕ್ಕಿಂತ ಸುಮಾರು ಅರ್ಧ ಸೆಂ.ಮೀ. ಅಗಲ ಇರುತ್ತದೆ. ಹಾಗಾಗಿ 20 ಸೆಂ.ಮೀ. ಸೊಂಟದ ಬೋರ್ಡಿನಲ್ಲಿ ಈ ಬೂಟಿನವರು 60 ಡಿಗ್ರಿಗೆ ಅಂಚಿನೊಳಗೇ ನಿಲ್ಲುತ್ತಾರೆ, ಆದರೆ ಕೂದಲೆಳೆಯಷ್ಟೇ. 18 ಸೆಂ.ಮೀ. ಬೋರ್ಡ್ ತಂದರೆ 65 ದಾಟಲೇಬೇಕು.

ಅಷ್ಟು ಕೋನ ಎಲ್ಲರ ಮೊಣಕಾಲಿಗೂ ಒಗ್ಗುವುದಿಲ್ಲ. ಮನೆಯಲ್ಲೇ ಬೂಟು ಹಾಕಿಕೊಂಡು, ನೆಲದ ಮೇಲೆ ಟೇಪಿನಿಂದ ಎರಡು ಗೆರೆ ಅಂಟಿಸಿ, ಆ ಕೋನದಲ್ಲಿ ನಿಂತು ಹತ್ತು ಸಲ ಕುಕ್ಕರಿಸಿ ನೋಡಿ. ನಿಮ್ಮ ಸೊಂಟ ಎಳೆಯಿತು, ಮೊಣಕಾಲು ಒಳಗೆ ಬಂತು ಅನ್ನಿಸಿದರೆ ಅಗಲದ ಬೋರ್ಡ್ ಹುಡುಕಿ. ಕಿರಿದಾದದ್ದು ಒಂದು ಅಂಚಿನಿಂದ ಇನ್ನೊಂದಕ್ಕೆ ಬೇಗ ಬದಲಾಗುತ್ತದೆ ಅನ್ನುವುದು ನಿಜವೇ. ಆದರೆ ನೋಯುವ ಮೊಣಕಾಲಿಗೆ ಆ ವೇಗದಿಂದ ಏನುಪಯೋಗ?

ಇನ್ನು ತ್ರಿಜ್ಯ

ಇಡೀ ಆಯ್ಕೆಯ ಜೀವ ಇಲ್ಲಿದೆ, ಸ್ವಲ್ಪ ನಿಧಾನಕ್ಕೆ ಓದಿ. ಬೋರ್ಡಿನ ಪಕ್ಕ ಒಳಕ್ಕೆ ಬಾಗಿದೆಯಲ್ಲ, ಆ ಬಾಗು ಎಷ್ಟು ದೊಡ್ಡ ವೃತ್ತದ ತುಂಡು ಅನ್ನುವುದೇ ಸೈಡ್‌ಕಟ್ ತ್ರಿಜ್ಯ. ಎಷ್ಟೋ ಸಲ ಬೋರ್ಡಿನ ಮೇಲೆ ಮೀಟರಿನಲ್ಲಿ ಬರೆದಿರುತ್ತದೆ. ಬೋರ್ಡ್ ಓರೆಯಾದಷ್ಟೂ ತಿರುವು ಇನ್ನೂ ಚಿಕ್ಕದಾಗುತ್ತದೆ. 60 ಡಿಗ್ರಿ ಓರೆ ಮಾಡಿದರೆ ಲೆಕ್ಕಕ್ಕೆ ಅರ್ಧ. ಅಂದರೆ 10 ಮೀಟರ್ ಬೋರ್ಡ್ 5 ಮೀಟರ್ ತ್ರಿಜ್ಯದ ತಿರುವು ಹೊಡೆಯುತ್ತದೆ, 20 ಮೀಟರಿನದು 10 ಮೀಟರಿನದ್ದು.

ಆದರೆ ಅಷ್ಟು ಓರೆಯಾಗಿ ನಿಲ್ಲಲು ವೇಗ ಬೇಕು. ಸೈಕಲ್ ನಿಧಾನಕ್ಕೆ ಹೋಗುವಾಗ ಪೂರ್ತಿ ವಾಲಿದರೆ ಬೀಳುತ್ತೇವಲ್ಲ, ಹಾಗೆ. ಸರಳ ಲೆಕ್ಕ ಹಾಕಿದರೆ, 60 ಡಿಗ್ರಿ ಓರೆಯಲ್ಲಿ ಸಮತೋಲನಕ್ಕೆ 10 ಮೀಟರ್ ಬೋರ್ಡಿಗೆ ಗಂಟೆಗೆ ಸುಮಾರು 33 ಕಿ.ಮೀ. ಬೇಕು, 14 ಮೀಟರಿನದಕ್ಕೆ 39, 20 ಮೀಟರಿನದಕ್ಕೆ 47. ಹಿಮದ ಮೇಲೆ ಇಳಿಜಾರು, ದೇಹ ಬಾಗಿಸಿ ನಿಲ್ಲುವ ಭಂಗಿ ಎಲ್ಲ ಸೇರಿ ಈ ಅಂಕಿ ಆಚೀಚೆ ಆಗುತ್ತದೆ. ಆದರೂ ಅನುಪಾತ ಹಾಗೇ ಇರುತ್ತದೆ. ಜಾಗವನ್ನೂ ಲೆಕ್ಕ ಹಾಕಿ. 20 ಮೀಟರಿನ ಬೋರ್ಡಿನಲ್ಲಿ ಎಡಕ್ಕೊಂದು ಬಲಕ್ಕೊಂದು ಪೂರ್ತಿ ಅರ್ಧವೃತ್ತ ಹೊಡೆದರೆ ಕನಿಷ್ಠ 20 ಮೀಟರ್ ಅಗಲ ಹೋಯಿತು, ಅಂಚು ಬದಲಿಸುವ ಜಾಗ ಬೇರೆ. ಅದೂ 47 ಕಿ.ಮೀ. ವೇಗದಲ್ಲಿ, ಪಕ್ಕದಲ್ಲಿ ಯಾರದೋ ಮಕ್ಕಳು ಸ್ಕೀ ಕಲಿಯುತ್ತಿರುವಾಗ!

ನನ್ನ 185ರ ಕಥೆ ಇದೇ. ಅದು ಜೈಂಟ್ ಸ್ಲಾಲಂ, ಅಂದರೆ ದೂರ ದೂರ ನೆಟ್ಟ ಕಂಬಗಳನ್ನು ಬಳಸಿ ಇಳಿಯುವ ರೇಸಿನ ಬೋರ್ಡ್. ಟಿ.ವಿ.ಯಲ್ಲಿ ಚೆಕ್ ಆಟಗಾರ್ತಿ ಎಸ್ಟರ್ ಲೆಡೆಟ್ಸ್ಕಾ ಓಡಿಸುವುದನ್ನು ನೋಡಿ ಮನಸೋತವರಲ್ಲಿ ನಾನೂ ಒಬ್ಬ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಸ್ಕೀ ಹಾಕಿಕೊಂಡು ಸೂಪರ್-ಜಿ ಚಿನ್ನ, ಬೋರ್ಡ್ ಹತ್ತಿ ಪ್ಯಾರಲಲ್ ಜೈಂಟ್ ಸ್ಲಾಲಂ ಚಿನ್ನ, ಎರಡೂ ಒಂದೇ ಕೂಟದಲ್ಲಿ. ಆದರೆ ಅಲ್ಲಿ ಇಡೀ ಇಳಿಜಾರು ಅವರಿಗೇ ಮೀಸಲು. ನಮಗೆ ಹಾಗಿಲ್ಲವಲ್ಲ.

ಜನ ಇರುವ ಸಾಮಾನ್ಯ ಇಳಿಜಾರಿಗೆ 9ರಿಂದ 12 ಮೀಟರ್ ಸಾಕು. ಅಗಲವಾದ ಖಾಲಿ ಇಳಿಜಾರು ಸಿಗುತ್ತದೆ, ಬೆಳಿಗ್ಗೆ ಮೊದಲ ಲಿಫ್ಟಿಗೇ ಹೋಗುವ ಅಭ್ಯಾಸ ಇದೆ ಅಂದರೆ 13-14. ಅದಕ್ಕಿಂತ ಜಾಸ್ತಿ ರೇಸಿನವರಿಗೆ ಬಿಡಿ. ಈಗಿನ ಬೋರ್ಡ್‌ಗಳಲ್ಲಿ ಒಂದೇ ತ್ರಿಜ್ಯ ಇರುವುದು ಅಪರೂಪ. ಮೂಗಿನ ಅಂದರೆ ಮುಂತುದಿಯ ಕಡೆ ಒಂದು, ಬಾಲದ ಅಂದರೆ ಹಿಂತುದಿಯ ಕಡೆ ಇನ್ನೊಂದು ಅಂತ ಬೆರೆಸಿರುತ್ತಾರೆ. ಎರಡು ಸಂಖ್ಯೆ ಬರೆದಿದ್ದರೆ ಗಾಬರಿಯಾಗಬೇಡಿ, ನಡುವಿನದ್ದನ್ನು ಹಿಡಿದು ಲೆಕ್ಕ ಹಾಕಿ.

ಉದ್ದ ಮತ್ತು ಗಡಸು

ಉದ್ದದ ಬಗ್ಗೆ ಜನ ಅತಿಯಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ರೇಸ್ ಅಲ್ಲದ ಕಾರ್ವಿಂಗ್‌ಗೆ ವಯಸ್ಕರಲ್ಲಿ ಹೆಚ್ಚಿನವರಿಗೆ 160ರಿಂದ 175 ಸೆಂ.ಮೀ. ಒಳಗೆ ಎಲ್ಲೋ ಒಂದು ಕಡೆ ಹೊಂದುತ್ತದೆ. ಗಡಸೇ ಮುಖ್ಯ. ಬೋರ್ಡ್ ಬಾಗಿದರೆ ಮಾತ್ರ ತಿರುವು ಹೊಡೆಯುತ್ತದೆ, ಬಾಗಿಸುವುದು ನಿಮ್ಮ ತೂಕ ಮತ್ತು ವೇಗ. 90 ಕಿಲೋ ತೂಕದವರಿಗೆ ಕಟ್ಟಿದ ಬೋರ್ಡಿನ ಮೇಲೆ 60 ಕಿಲೋದವರು ನಿಂತರೆ ಅದು ಹಲಗೆ. ಉಲ್ಟಾ ಆದರೆ ಮೂಗು ಮಡಚಿಕೊಳ್ಳುವ ಭಯ, ಮತ್ತು ಮೇಲೆ ಹೇಳಿದ ಹಾಗೆ ಮಡಚಿದ ಲೋಹ ನೆಟ್ಟಗಾಗುವುದಿಲ್ಲ.

ಆರ್ಡರ್ ಕೊಟ್ಟು ಮಾಡಿಸುವುದಾದರೆ ಸುಲಭ. ಈ ಲೋಕದಲ್ಲಿ ಚಿಕ್ಕ ಚಿಕ್ಕ ತಯಾರಕರೇ ಜಾಸ್ತಿ: ಸ್ವಿಟ್ಜರ್‌ಲೆಂಡಿನ ಕೆಸ್ಲರ್, ಅಮೆರಿಕದ ಡೊನೆಕ್, 2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸೀಗ್‌ಫ್ರೀಡ್ ಗ್ರಾಬ್ನರ್ ಕಟ್ಟಿದ ಆಸ್ಟ್ರಿಯಾದ ಎಸ್‌ಜಿ. ಆರ್ಡರ್ ಕೊಡುವಾಗ ತೂಕ, ಬೂಟಿನ ಅಳತೆ, ಕೋನ, ಇಳಿಜಾರಿನ ಅಗಲ, ಹೋಗುವ ವೇಗ ಎಲ್ಲ ಬರೆದು ಕೊಡಿ. ಸುಳ್ಳು ಹೇಳಬೇಡಿ. ತೂಕ ಐದು ಕಿಲೋ ಕಡಿಮೆ ಹೇಳಿ, ವೇಗ ಹತ್ತು ಕಿ.ಮೀ. ಜಾಸ್ತಿ ಹೇಳುವವರು ನಮ್ಮಲ್ಲಿ ಬಹಳ.

ಹಳೆಯದು ಕೊಳ್ಳುವುದಾದರೆ ಕಣ್ಣು ತೆರೆದಿಡಿ

ನಾನು ಮೋಸ ಹೋದದ್ದು ಇಲ್ಲೇ. ಮಾರಿದವರು ಬೋರ್ಡಿನ ಫೋಟೋ ಮೇಲಿನಿಂದ ಮಾತ್ರ ಕಳಿಸಿದ್ದರು. ಮನೆಗೆ ಬಂದ ಮೇಲೆ ಊಟದ ಮೇಜಿನ ಮೇಲಿಟ್ಟು ಬಗ್ಗಿ ನೋಡಿದರೆ, ಮುಂದಿನ ಬೈಂಡಿಂಗಿನಿಂದ ಒಂದು ಗೇಣು ಮುಂದೆ ಬೋರ್ಡ್ ಸಣ್ಣಗೆ ಮೇಲಕ್ಕೆ ಎದ್ದಿತ್ತು. ಕೇಳಿದ್ದಕ್ಕೆ 'ಅದು ಡಿಸೈನ್' ಅಂದರು. ಕಷ್ಟ ಏನೆಂದರೆ ಅದು ಅರ್ಧ ನಿಜ. ಮೆಟಲ್ ಬೋರ್ಡ್‌ಗಳ ಮೂಗನ್ನು ಬೇಕೆಂದೇ ಸ್ವಲ್ಪ ಮುಂಚೆಯೇ ಎತ್ತಿರುತ್ತಾರೆ, ತಿರುವಿಗೆ ಮೆತ್ತಗೆ ಇಳಿಯಲಿ ಅಂತ. ಹಾಗೆ ಎತ್ತಿದ್ದು ನುಣ್ಣಗೆ, ಎಲ್ಲಿ ಶುರುವಾಯಿತು ಅಂತ ಬೆರಳಿಗೆ ತಿಳಿಯದ ಹಾಗೆ ಏಳುತ್ತದೆ. ಪೆಟ್ಟು ತಿಂದು ಬಾಗಿದ್ದರೆ ಒಂದು ಗೆರೆಯಲ್ಲಿ ಸೊಟ್ಟಗಾಗಿರುತ್ತದೆ, ಮೇಲಿನ ಹಾಳೆಯಲ್ಲಿ ಅದೇ ಜಾಗಕ್ಕೆ ಸಣ್ಣ ಸುಕ್ಕು. ನನ್ನದರಲ್ಲಿ ಸುಕ್ಕನ್ನು ಒಂದು ಸ್ಟಿಕ್ಕರ್ ಮುಚ್ಚಿತ್ತು.

ಹಾಗಾಗಿ ಪಕ್ಕದಿಂದ ತೆಗೆದ ಫೋಟೋ ಕೇಳಿ, ಬೋರ್ಡ್ ಸಮತಟ್ಟಾದ ಮೇಜಿನ ಮೇಲಿರಬೇಕು. ಎದುರಿಗೇ ನೋಡುವುದಾದರೆ ಬಡಗಿ ಮರದ ತುಂಡನ್ನು ನೋಡುವ ಹಾಗೆ ಬಾಲದಿಂದ ಮೂಗಿನ ಕಡೆ ಒಂದು ಕಣ್ಣು ಮುಚ್ಚಿ ನೋಡಿ. ಮೂಗಿನ ಹತ್ತಿರ ಒಂದು, ಬಾಲದ ಹತ್ತಿರ ಒಂದು ನೇರವಾದ ಪಟ್ಟಿ ಅಡ್ಡ ಇಟ್ಟರೆ ತಿರುಚಿದ್ದು ತಕ್ಷಣ ಗೊತ್ತಾಗುತ್ತದೆ, ಎರಡು ಪಟ್ಟಿಗಳೂ ಒಂದೇ ಸಮ ಕಾಣಬೇಕು. ಅಂಚಿನುದ್ದಕ್ಕೂ ಉಗುರು ಓಡಿಸಿ ಪದರ ಬಿಟ್ಟಿದೆಯಾ ನೋಡಿ. ಮೇಲ್ಮೈಯನ್ನು ಬೆರಳಿನಿಂದ ತಟ್ಟಿ, ಪದರ ಬಿಟ್ಟ ಕಡೆ ಸದ್ದು ಬೇರೆ ಬರುತ್ತದೆ. ಸ್ಕ್ರೂ ಕೂರುವ ಲೋಹದ ಗೂಡುಗಳ ಸುತ್ತ ಉಬ್ಬಿದ್ದರೆ ಮಾತೇ ಬೇಡ, ವಾಪಸ್ ಬನ್ನಿ. ಅಂಚಿನ ಉಕ್ಕು ಎಷ್ಟು ದಪ್ಪ ಉಳಿದಿದೆ ಅನ್ನುವುದೂ ಮುಖ್ಯ. ರೇಸಿನವರ ಬೋರ್ಡ್‌ಗಳನ್ನು ಉಜ್ಜಿ ಉಜ್ಜಿ ಸವೆಸಿರುತ್ತಾರೆ.

ಪ್ಲೇಟ್ ಬೇಕಾ?

ರೇಸಿನವರ ಬೈಂಡಿಂಗಿನ ಕೆಳಗೆ ಉದ್ದನೆಯ ಪ್ಲೇಟ್ ಇರುತ್ತದೆ. ಅದರ ಒಂದು ತುದಿ ಗಟ್ಟಿಯಾಗಿ ಕೂತಿರುತ್ತದೆ, ಇನ್ನೊಂದು ಜಾರುತ್ತದೆ, ಹಾಗಾಗಿ ಕೆಳಗೆ ಬೋರ್ಡ್ ಆರಾಮಾಗಿ ಬಾಗುತ್ತದೆ. ಬೂಟು ಎತ್ತರಕ್ಕೆ ಹೋಗುವುದರಿಂದ ಬೂಟ್-ಔಟ್ ಕೂಡ ಕಡಿಮೆ. ಆದರೆ ತೂಕ, ಖರ್ಚು ಎರಡೂ ಜಾಸ್ತಿ. ಮೊದಲ ವರ್ಷ ಬೇಡ. ಮುಂದೆ ಹಾಕಿಸುವ ಆಸೆ ಇದ್ದರೆ ಪ್ಲೇಟ್ ಕೂರಿಸಲೆಂದೇ ಇರುವ ಯುಪಿಎಂ ಮಾದರಿಯ ತೂತುಗಳಿರುವ ಬೋರ್ಡ್ ತೆಗೆದುಕೊಳ್ಳಿ, ಅಷ್ಟು ಸಾಕು. ಪ್ಲೇಟ್ ಇಲ್ಲದೆ ಹಾಕುವಾಗ ಬೈಂಡಿಂಗಿನ ಕೆಳಗೆ ಮೆತ್ತನೆ ಪ್ಯಾಡ್ ಇರಲಿ. ಗಡುಸು ಬೈಂಡಿಂಗ್ ನೇರವಾಗಿ ಲೋಹದ ಮೇಲೆ ಕೂತರೆ ಒತ್ತಡವೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತದೆ. ಸ್ಕ್ರೂ 6 ಮಿ.ಮೀ. ದಪ್ಪದ್ದು, ಅದರ ಉದ್ದ ಒಂದು ಸುತ್ತು ಜಾಸ್ತಿಯಾದರೂ ತಳದಲ್ಲಿ ಮೊಡವೆ ಏಳುತ್ತದೆ.

ಮೊದಲ ದಿನ

ಹೊಸ ಬೋರ್ಡಿನ ಅಂಚು ಹೇಗೆ ಹರಿತ ಮಾಡಿದ್ದಾರೆ ಅಂತ ಕೇಳಿಕೊಳ್ಳಿ. ತಳದ ಕಡೆ ಅರ್ಧದಿಂದ 1 ಡಿಗ್ರಿ, ಪಕ್ಕದ ಕಡೆ 2ರಿಂದ 3 ಡಿಗ್ರಿ ಇದ್ದರೆ ಸರಿ. ಮೇಣ ಹಚ್ಚುವಾಗ ಇಸ್ತ್ರಿಯನ್ನು ಒಂದೇ ಕಡೆ ನಿಲ್ಲಿಸಬೇಡಿ, ಒಳಗಿನ ಅಂಟು ಮೆತ್ತಗಾದರೆ ಪದರ ಬಿಡುತ್ತದೆ.

ಮೊದಲ ಇಳಿತ ಅಗಲವಾದ, ಹೆಚ್ಚು ಕಡಿದಲ್ಲದ ಜಾಗದಲ್ಲಿ. ವೇಗ ಬೇಡ. ಸುಮ್ನೆ ಬೋರ್ಡನ್ನು ಓರೆ ಮಾಡಿ ನಿಲ್ಲಿ, ಅದು ತಾನೇ ತಿರುಗಲಿ. ನಾಲ್ಕು ತಿರುವು ಆದ ಮೇಲೆ ನಿಂತು ಗೆರೆ ನೋಡಿ. ಮೊದಲಿಂದ ಕೊನೆಯವರೆಗೆ ತೆಳ್ಳಗಿದ್ದರೆ ಬೋರ್ಡ್ ನಿಮಗೆ ಬಾಗುತ್ತಿದೆ. ಶುರುವಿನಲ್ಲಿ ತೆಳ್ಳಗಿದ್ದು ಕೊನೆಗೆ ಪೊರಕೆಯಲ್ಲಿ ಗುಡಿಸಿದ ಹಾಗೆ ಅಗಲವಾಗಿದ್ದರೆ ಹಿಂದಿನ ಕಾಲಿನ ಮೇಲೆ ಭಾರ ಹಾಕಿ ತಳ್ಳುತ್ತಿದ್ದೀರಿ, ಅದು ನಿಮ್ಮ ತಪ್ಪು, ಬೋರ್ಡಿನದ್ದಲ್ಲ. ಗೆರೆ ತೆಳ್ಳಗೇ ಇದೆ ಆದರೆ ಹೆಚ್ಚುಕಮ್ಮಿ ನೆಟ್ಟಗೆ ಕೆಳಗೆ ಹೋಗಿದೆ, ತಿರುಗಲೇ ಇಲ್ಲ ಅಂದರೆ ಇನ್ನೂ ಎರಡು ದಿನ ಪ್ರಯತ್ನಿಸಿ. ಆಗಲೂ ಹಾಗೇ ಇದ್ದರೆ ಅಂಚಿಗೆ ಗೀರು ಬೀಳುವ ಮುಂಚೆಯೇ ನಿಮಗಿಂತ ಇಪ್ಪತ್ತು ಕಿಲೋ ಜಾಸ್ತಿ ಇರುವ ಯಾರಿಗಾದರೂ ಅದನ್ನು ಮಾರಿಬಿಡಿ. ಪಕ್ಕದಿಂದ ತೆಗೆದ ಫೋಟೋ ಸಮೇತ.