ಸರ್ಕಾರದ ಆದೇಶವನ್ನು ಲಿಬರ್ಟೇರಿಯನ್ ಥರ ಓದುವುದು ಹೇಗೆ?

ಲಿಬರ್ಟೇರಿಯನ್, ಅಂದರೆ ವ್ಯಕ್ತಿಯ ಸ್ವಾತಂತ್ರ್ಯ ಜಾಸ್ತಿ ಇರಲಿ, ಸರ್ಕಾರದ ಕೈ ಕಡಿಮೆ ಇರಲಿ ಅನ್ನುವವರು. ಆ ಹೆಸರು ಹೇಳಿದ ಕೂಡಲೇ ನಮ್ಮಲ್ಲಿ ಬರುವ ಮೊದಲ ಮಾತು, "ಸರ್ಕಾರವೇ ಬೇಡ ಅಂದ್ರೆ ರಸ್ತೆ ಯಾರಪ್ಪ ಹಾಕ್ತಾರೆ?" ಅಲ್ಲಿಗೆ ಚರ್ಚೆ ಮುಗಿಯಿತು. ಸರ್ಕಾರವೇ ಬೇಡ ಅನ್ನುವವರು ಅವರಲ್ಲಿ ಕೆಲವರಿದ್ದಾರೆ, ಸುಳ್ಳಲ್ಲ. ಆದರೆ ಹೆಚ್ಚಿನವರು ಅಷ್ಟು ದೂರ ಹೋಗುವುದಿಲ್ಲ. ಪೊಲೀಸ್, ಕೋರ್ಟು, ಸೈನ್ಯ ಇರಲಿ, ಅದರಾಚೆಗೆ ಇಬ್ಬರು ಒಪ್ಪಿ ಮಾಡಿಕೊಂಡ ವ್ಯವಹಾರದಲ್ಲಿ ಸರ್ಕಾರ ಕೈ ಹಾಕುವುದಾದರೆ ಯಾಕೆ ಅಂತ ಮೊದಲು ಸರ್ಕಾರವೇ ಹೇಳಲಿ ಅನ್ನುತ್ತಾರೆ.

ಇದು ನಿನ್ನೆ ಮೊನ್ನೆ ಅಮೆರಿಕದಿಂದ ಬಂದ ಸರಕು ಅಂದುಕೊಳ್ಳಬೇಡಿ. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಗೆ ಅರ್ಥಶಾಸ್ತ್ರಜ್ಞರ ಸಮಿತಿ ತಲೆ ಆಡಿಸಿದಾಗ, ಒಬ್ಬರೇ ಒಬ್ಬರು ಒಪ್ಪದೆ ಭಿನ್ನ ಟಿಪ್ಪಣಿ ಬರೆದುಕೊಟ್ಟರು. ಅವರು ಬಿ.ಆರ್. ಶೆಣೈ, ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತ್‌ನವರು. 1959ರಲ್ಲಿ ರಾಜಾಜಿಯವರು ಸ್ವತಂತ್ರ ಪಕ್ಷ ಕಟ್ಟಿದ್ದೂ ಲೈಸೆನ್ಸ್-ಪರ್ಮಿಟ್-ಕೋಟಾ ರಾಜ್ ವಿರುದ್ಧವೇ, ಅಂದರೆ ಉದ್ಯಮ ನಡೆಸಲು ಹೆಜ್ಜೆಹೆಜ್ಜೆಗೂ ಸರ್ಕಾರದ ಅನುಮತಿ ಬೇಕು ಅನ್ನುವ ವ್ಯವಸ್ಥೆಯ ವಿರುದ್ಧ.

ನೀವು ಈ ಗುಂಪಿಗೆ ಸೇರಬೇಕಾಗಿಲ್ಲ. ನಾನೂ ಅವರು ಹೇಳುವುದನ್ನೆಲ್ಲ ಒಪ್ಪುವುದಿಲ್ಲ. ಆದರೆ ಅವರು ಕೇಳುವ ಪ್ರಶ್ನೆಗಳು ಬಹಳ ಉಪಯೋಗಕ್ಕೆ ಬರುತ್ತವೆ, ಯಾವ ಪಕ್ಷದ ಸರ್ಕಾರ ಇದ್ದರೂ. ಹೊಸ ಆದೇಶ ಬಂದಾಗ ಅವನ್ನು ಹೇಗೆ ಕೇಳುವುದು ಅಂತ ನೋಡೋಣ.

ಮೊದಲು: ಯಾರ ಕೈ ಕಟ್ಟಿದ್ದಾರೆ ನೋಡಿ

ಆದೇಶದ ಹೆಸರನ್ನು ನಂಬಬೇಡಿ. ಹೆಸರಲ್ಲಿ ಯಾವಾಗಲೂ ಕಲ್ಯಾಣ, ರಕ್ಷಣೆ, ಹಿತ ಇದ್ದೇ ಇರುತ್ತದೆ. ಒಂದು ಹಾಳೆ ತೆಗೆದುಕೊಂಡು ಎರಡು ಸಾಲು ಬರೆಯಿರಿ. ಒಂದರಲ್ಲಿ, ಸರ್ಕಾರ ಏನಾಗಲಿ ಅಂತ ಬಯಸುತ್ತಿದೆ. ಇನ್ನೊಂದರಲ್ಲಿ, ನಾಳೆಯಿಂದ ಯಾರು ಏನು ಮಾಡಿದರೆ ದಂಡ ಅಥವಾ ಜೈಲು. ಜಗಳ ಇರುವುದು ಎರಡನೇ ಸಾಲಿನಲ್ಲಿ.

ಉದಾಹರಣೆಗೆ ನಮ್ಮ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು. ರೈತರಲ್ಲದವರು, ಬೇರೆ ಕಡೆಯಿಂದ ಜಾಸ್ತಿ ಆದಾಯ ಇರುವವರು ಕೃಷಿ ಜಮೀನು ಕೊಳ್ಳುವಂತಿಲ್ಲ ಅಂತ ಅವು ಹೇಳುತ್ತಿದ್ದವು. 2020ರಲ್ಲಿ ತೆಗೆದುಹಾಕಿದರು. ಮೇಲ್ನೋಟಕ್ಕೆ ಕೈ ಕಟ್ಟಿದ್ದು ಪಟ್ಟಣದ ದುಡ್ಡಿನವರದ್ದು. ಆದರೆ ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಎರಡು ಎಕರೆ ಮಾರಲು ಹೊರಟ ರೈತನನ್ನು ಯೋಚಿಸಿ. ಕೊಳ್ಳುವವರ ಗುಂಪು ಚಿಕ್ಕದಾದಷ್ಟೂ ಅವನ ಜಮೀನಿನ ಬೆಲೆ ಇಳಿಯುತ್ತದೆ. ತಹಶೀಲ್ದಾರ್ ಕಚೇರಿಯಲ್ಲಿ ರೈತ ಅಂತ ರುಜುವಾತು ಮಾಡಿಕೊಳ್ಳುವ ದಾರಿ ದುಡ್ಡಿದ್ದವನಿಗೆ ಹೇಗೋ ತೆರೆಯುತ್ತಿತ್ತು. ಹಾಗಂತ ರೈತ ಸಂಘಟನೆಗಳು 2020ರ ತಿದ್ದುಪಡಿ ವಿರುದ್ಧ ಬೀದಿಗಿಳಿದದ್ದಕ್ಕೆ ಕಾರಣ ಇರಲಿಲ್ಲ ಅನ್ನಲಾಗದು. ಜಮೀನು ಕಳೆದುಕೊಂಡವನು ಮತ್ತೆ ಕೊಳ್ಳುವುದು ಸುಲಭವಲ್ಲ. ಲಿಬರ್ಟೇರಿಯನ್ ಹೇಳುವುದು ಇಷ್ಟೇ: ಆ ಲೆಕ್ಕ ಹಾಕಬೇಕಾದವನು ಜಮೀನಿನ ಯಜಮಾನ, ವಿಧಾನಸೌಧ ಅಲ್ಲ.

ಆದೇಶ ಬರೆದವರಿಗೆ ಎಷ್ಟು ಗೊತ್ತಿತ್ತು?

ಇಲ್ಲಿ ಸ್ವಲ್ಪ ನಿಲ್ಲೋಣ. ನನ್ನ ಮಟ್ಟಿಗೆ ಇದೇ ಅವರ ಗಟ್ಟಿಯಾದ ವಾದ. 1945ರಲ್ಲಿ ಹಯೆಕ್ ಎಂಬ ಅರ್ಥಶಾಸ್ತ್ರಜ್ಞ ಇದನ್ನು ವಿವರವಾಗಿ ಬರೆದಿದ್ದರು. ಯಾವ ಮಾಲು ಎಲ್ಲಿ ಬೇಕು, ಎಷ್ಟು ಬೇಕು ಅನ್ನುವ ತಿಳಿವಳಿಕೆ ಲಕ್ಷಾಂತರ ಜನರ ತಲೆಯಲ್ಲಿ ಚೂರುಚೂರಾಗಿ ಇರುತ್ತದೆ, ಅದನ್ನು ಒಂದು ಕಚೇರಿಗೆ ತಂದು ಗುಡ್ಡೆ ಹಾಕಲು ಆಗುವುದಿಲ್ಲ, ಬೆಲೆ ಅನ್ನುವುದೊಂದೇ ಅದನ್ನು ಊರಿಂದೂರಿಗೆ ಮುಟ್ಟಿಸುತ್ತದೆ ಅಂತ.

ಇದು ಹಾಗೇ ಕೇಳಿದರೆ ತಲೆಗೆ ಹೋಗುವುದಿಲ್ಲ. ಬೆಂಗಳೂರು ಗುಲಾಬಿ ಈರುಳ್ಳಿಯ ಕಥೆ ಕೇಳಿದರೆ ಹೋಗುತ್ತದೆ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ಬೆಳೆಯುವ ಚಿಕ್ಕ ಗಡ್ಡೆ. ಕಡುಗೆಂಪು ಬಣ್ಣ, ಬುಡ ಚಪ್ಪಟೆ, ಖಾರ ಜಾಸ್ತಿ. 2015ರಲ್ಲಿ ಜಿಐ ಟ್ಯಾಗ್ (ಇಂಥ ಪ್ರದೇಶದ್ದೇ ಬೆಳೆ ಅನ್ನುವ ಅಧಿಕೃತ ಗುರುತು) ಸಿಕ್ಕಿದೆ. ಬೆಳೆಯುವುದು ಇಲ್ಲಿ, ಆದರೆ ನಮ್ಮ ಅಡುಗೆಮನೆಗಳಲ್ಲಿ ಇದಕ್ಕೆ ಗಿರಾಕಿ ಇಲ್ಲವೇ ಇಲ್ಲ ಅನ್ನಬಹುದು. ಹೋಗುವುದೆಲ್ಲ ಮಲೇಷ್ಯಾ, ಸಿಂಗಾಪುರದ ಕಡೆಗೆ.

2020ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಷೇಧಿಸಿತು. ಎಲ್ಲ ಬಗೆಯ ಈರುಳ್ಳಿ, ಇದೂ ಸೇರಿ. ಉದ್ದೇಶ, ದೇಶದೊಳಗೆ ಬೆಲೆ ಇಳಿಯಲಿ ಅಂತ. ಆದರೆ ಇಲ್ಲಿ ಯಾರೂ ತಿನ್ನದ ಈರುಳ್ಳಿಯನ್ನು ಇಲ್ಲೇ ತಡೆದು ಹಿಡಿದರೆ ಯಾರ ಮನೆಯ ಸಾಂಬಾರಿಗೆ ಲಾಭ? ರೈತನಿಗೆ ಮಾತ್ರ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗೋಳಾಟ ದೆಹಲಿಗೆ ಮುಟ್ಟಿ, ಅಕ್ಟೋಬರ್ 9ಕ್ಕೆ ಒಂದು ಸಡಿಲಿಕೆ ಬಂತು. ಅದನ್ನೂ ನೋಡಿ: 10,000 ಟನ್ ಮಾತ್ರ, ಮುಂದಿನ ಮಾರ್ಚ್ 31ರ ತನಕ ಮಾತ್ರ, ಚೆನ್ನೈ ಬಂದರಿನಿಂದ ಮಾತ್ರ, ಜೊತೆಗೆ ರಾಜ್ಯದ ತೋಟಗಾರಿಕೆ ಆಯುಕ್ತರ ಸರ್ಟಿಫಿಕೇಟು. ಅಂದರೆ ಗುಲಾಬಿ ಈರುಳ್ಳಿ ಹೌದೋ ಅಲ್ಲವೋ, ಎಷ್ಟಿದೆ ಅಂತ ಒಬ್ಬ ಅಧಿಕಾರಿ ಬರೆದುಕೊಡಬೇಕು. ಮಂಡಿಯಲ್ಲಿ ಮೂಟೆ ಹೊರುವ ಹುಡುಗನಿಗೆ ಒಂದು ನೋಟಕ್ಕೆ ಗೊತ್ತಾಗುವ ವಿಷಯ ಇದು.

ಸರಿ, ಒಂದು ಸಲ ಆಯಿತು, ಪಾಠ ಕಲಿತರು ಅಂದುಕೊಂಡರೆ, 2023ರ ಆಗಸ್ಟ್‌ನಲ್ಲಿ ಎಲ್ಲ ಈರುಳ್ಳಿಗೆ ಶೇ. 40 ರಫ್ತು ಸುಂಕ ಬಿತ್ತು. ಮತ್ತೆ ಇದೂ ಸೇರಿತು. ಮತ್ತೆ ರೈತರ ಗೋಳು, ಸೆಪ್ಟೆಂಬರ್ ಕೊನೆಗೆ ಮತ್ತೆ ವಿನಾಯಿತಿ, ಮತ್ತೆ ಅದೇ ಸರ್ಟಿಫಿಕೇಟು. ಅಧಿಕಾರಿಗಳು ಕೆಟ್ಟವರು, ದಡ್ಡರು ಅಂತಲ್ಲ. ಕಡತದಲ್ಲಿ ಬರೆದಿರುವುದು ಬರೀ 'ಈರುಳ್ಳಿ' ಅಂತ, ಅಷ್ಟೇ.

ಎದುರು ವಾದವೂ ಇದೆ, ಬಿಡಬಾರದು. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಈರುಳ್ಳಿ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ದಿನಗೂಲಿಯವರಿಗೆ ಆಗ ಹಯೆಕ್ ಪಾಠ ಹೇಳಿದರೆ ಉಗಿದು ಕಳಿಸುತ್ತಾರೆ. ಅದಕ್ಕೇ ನಿಮ್ಮ ಪ್ರಶ್ನೆ ಹೀಗಿರಲಿ: ಈ ಆದೇಶ ಬರೆಯುವಾಗ ನೆಲದ ಮೇಲಿನ ಯಾವ ಸಂಗತಿ ಗೊತ್ತಿರಬೇಕಿತ್ತು, ಅದು ಯಾರಿಗೆ ಗೊತ್ತಿತ್ತು, ಅವರನ್ನು ಕೇಳಿದರಾ?

ಆಮೇಲೆ: ಲಾಭ ಯಾರಿಗೆ, ನಷ್ಟ ಯಾರಿಗೆ ಹರಡಿದೆ?

ಲಾಭ ನಾಲ್ಕು ಜನಕ್ಕೆ ಗುಡ್ಡೆಯಾಗಿ ಸಿಕ್ಕಿ, ನಷ್ಟ ನಾಲ್ಕು ಲಕ್ಷ ಜನಕ್ಕೆ ಚಿಲ್ಲರೆಯಾಗಿ ಹಂಚಿಹೋದರೆ, ಆ ನಾಲ್ಕು ಜನ ಸಂಘ ಕಟ್ಟಿ ಫ್ರೀಡಂ ಪಾರ್ಕಿಗೆ ಬರುತ್ತಾರೆ. ನಾಲ್ಕು ಲಕ್ಷ ಜನ ಬರುವುದಿಲ್ಲ, ಅವರಿಗೆ ಬೇರೆ ಕೆಲಸ ಇದೆ. ಸರ್ಕಾರ ಯಾರ ಮಾತು ಕೇಳುತ್ತದೆ ಅಂತ ಹೇಳಬೇಕಾ?

ಬೈಕ್ ಟ್ಯಾಕ್ಸಿ ವಿಷಯ ತೆಗೆದುಕೊಳ್ಳಿ. 2021ರಲ್ಲಿ ರಾಜ್ಯ ಸರ್ಕಾರ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆ ತಂದಿತು, 2024ರ ಮಾರ್ಚ್‌ನಲ್ಲಿ ವಾಪಸ್ ತೆಗೆದುಕೊಂಡಿತು. 2025ರ ಏಪ್ರಿಲ್ 2ರಂದು ಹೈಕೋರ್ಟಿನ ಏಕಸದಸ್ಯ ಪೀಠ, ಸರ್ಕಾರ ನಿಯಮ ಮಾಡುವ ತನಕ ಬೈಕ್ ಟ್ಯಾಕ್ಸಿ ಓಡಿಸುವಂತಿಲ್ಲ ಅಂದಿತು. ಸರ್ಕಾರ ನಿಯಮ ಮಾಡಲಿಲ್ಲ. ಜೂನ್ 16ರಿಂದ ಬೈಕುಗಳು ನಿಂತವು. ನಿಂತವು ಅಂದರೆ, ಆ್ಯಪ್‌ಗಳಲ್ಲಿ ಬೈಕ್ ಹೋಗಿ 'ಪಾರ್ಸೆಲ್' ಬಂತು, ಜನ ತಮ್ಮನ್ನೇ ಪಾರ್ಸೆಲ್ ಅಂತ ಬುಕ್ ಮಾಡಿಕೊಂಡು ಹಿಂದೆ ಕೂತು ಹೋದರು! ಮೆಟ್ರೋ ಸ್ಟೇಷನ್‌ನಿಂದ ಮನೆಗೆ ಎರಡು ಕಿಲೋಮೀಟರ್ ಇರುವವನು ಇನ್ನೇನು ಮಾಡಬೇಕು.

ಇಲ್ಲಿ ಆಟೋದವರನ್ನು ಬೈಯುವುದು ಸುಲಭ, ಆದರೆ ಅವರ ಸಿಟ್ಟಿಗೆ ಅರ್ಥ ಇದೆ. ಪರ್ಮಿಟ್, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟು), ಮೀಟರ್, ಬ್ಯಾಡ್ಜ್, ಜೊತೆಗೆ ಇಷ್ಟೇ ತಗೋಬೇಕು ಅನ್ನುವ ದರ, ಎಲ್ಲ ಹೊತ್ತುಕೊಂಡು ಓಡಿಸುವವನ ಪಕ್ಕದಲ್ಲೇ ಬಿಳಿ ಬೋರ್ಡಿನ ಖಾಸಗಿ ಬೈಕ್ ಗಿರಾಕಿಯನ್ನು ಕೂರಿಸಿಕೊಂಡು ಹೋದರೆ ಯಾರಿಗಾದರೂ ಉರಿಯುತ್ತದೆ. ಲಿಬರ್ಟೇರಿಯನ್ ಉತ್ತರ ಇಲ್ಲಿ ಬೇರೆಯವರದ್ದಕ್ಕಿಂತ ಭಿನ್ನ: ಬೈಕಿನವನ ತಲೆ ಮೇಲೂ ಅದೇ ಹೊರೆ ಹಾಕುವ ಬದಲು ಆಟೋದವನ ಹೊರೆ ಇಳಿಸಿ. ವಿಮೆ, ಹೆಲ್ಮೆಟ್, ಚಾಲಕನ ಗುರುತು ಇವು ಇರಲಿ, ಉಳಿದದ್ದನ್ನು ಯಾಕೆ ಇಟ್ಟುಕೊಂಡಿದ್ದೀರಿ?

ಬೆಲೆ ಕಟ್ಟಿದರೆ ದುಡ್ಡು ಯಾವ ಸಂದಿಯಲ್ಲಿ ಹೊರಬರುತ್ತದೆ?

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಗಾದೆ ಇದೆಯಲ್ಲ, ಬೆಲೆ ನಿಯಂತ್ರಣದ ಬಗ್ಗೆ ಅವರು ಹೇಳುವುದೂ ಅಷ್ಟೇ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಸಿನಿಮಾ ಟಿಕೆಟ್‌ಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಐಷಾರಾಮಿ ಪರದೆಗಳಿಗೆ ವಿನಾಯಿತಿ. ಹನ್ನೊಂದೇ ದಿನದಲ್ಲಿ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು, ಹಾಗಾಗಿ ಫಲ ಏನಾಗುತ್ತಿತ್ತು ಅಂತ ನೋಡಲು ಸಿಗಲಿಲ್ಲ. ಊಹಿಸುವುದು ಕಷ್ಟವೇನಲ್ಲ. ಟಿಕೆಟಿನಲ್ಲಿ ಬಿಟ್ಟದ್ದು ಪಾಪ್‌ಕಾರ್ನಿನಲ್ಲಿ ಬರುತ್ತದೆ. ಇಲ್ಲಾ, ಹೊಸ ಪರದೆ ಕಟ್ಟುವವನು 75 ಸೀಟಿಗೇ ಲೆಕ್ಕ ಹಾಕಿ ಕಟ್ಟುತ್ತಾನೆ. ಶುಕ್ರವಾರ ಸಂಜೆ ಸ್ಟಾರ್ ಸಿನಿಮಾಗೂ ಮಂಗಳವಾರ ಮಧ್ಯಾಹ್ನ ಹೊಸಬರ ಸಿನಿಮಾಗೂ ಮಿತಿ ಒಂದೇ.

ಸಹಾಯ ಮಾಡಲೇಬೇಕು ಅಂದರೆ ಯಾವ ರೂಪದಲ್ಲಿ?

ಎಲ್ಲ ಲಿಬರ್ಟೇರಿಯನ್ನರೂ ಬಡವರಿಗೆ ಏನೂ ಕೊಡಬೇಡಿ ಅನ್ನುವುದಿಲ್ಲ. ಆದಾಯ ಕಡಿಮೆ ಇದ್ದವರಿಗೆ ಸರ್ಕಾರವೇ ನಗದು ಕೊಡಲಿ, ಬೇರೆ ಬೇರೆ ಯೋಜನೆಗಳ ಜಾತ್ರೆ ಬೇಡ ಅಂತ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1962ರಲ್ಲೇ ಹೇಳಿದ್ದರು. ನಮ್ಮಲ್ಲಿ ಇದರ ಪರೀಕ್ಷೆ ತಾನಾಗಿಯೇ ನಡೆದುಹೋಯಿತು. 2023ರಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ 5 ಕಿಲೋ ಅಕ್ಕಿ ಸಿಗದೆ, ಕಿಲೋಗೆ 34 ರೂಪಾಯಿಯಂತೆ ಒಬ್ಬರಿಗೆ ತಿಂಗಳಿಗೆ 170 ರೂಪಾಯಿ ಖಾತೆಗೆ ಹಾಕಿದರು. 2025ರಲ್ಲಿ ದುಡ್ಡು ನಿಲ್ಲಿಸಿ ಮತ್ತೆ ಅಕ್ಕಿಗೇ ಬಂದರು.

ದುಡ್ಡು ಬಂದಾಗ ರಾಗಿ ತಿನ್ನುವವರು ರಾಗಿ ಕೊಳ್ಳಬಹುದಿತ್ತು, ಮೊಟ್ಟೆ ಬೇಕಾದವರು ಮೊಟ್ಟೆ. ಇಷ್ಟು ಅವರ ವಾದಕ್ಕೆ ಸರಿ. ಆದರೆ ಅಂಗಡಿಯಲ್ಲಿ ಊಟದ ಅಕ್ಕಿ 34 ರೂಪಾಯಿಗೆ ಎಲ್ಲಿ ಸಿಗುತ್ತಿತ್ತು? ಅಕ್ಕಿ ರೇಟು ಏರಿದರೂ 170 ಏರುವುದಿಲ್ಲ. ಇಲ್ಲಿ ನಾನು ಅವರ ಜೊತೆ ಅರ್ಧ ದಾರಿ ಮಾತ್ರ ಹೋಗುತ್ತೇನೆ.

ಇನ್ನು ಬೆಂಗಳೂರಿನ ಬೆಳ್ಳಂದೂರು ಕೆರೆಯಂಥ ಕಡೆ ಅವರು ಪೂರ್ತಿ ತಡವರಿಸುತ್ತಾರೆ. ಕೆರೆಯ ನೊರೆಗೆ ಬೆಂಕಿ ಹತ್ತಿದ್ದನ್ನು ಊರೇ ನೋಡಿದೆ. ಇನ್ನೊಬ್ಬರಿಗೆ ಹಾನಿ ಮಾಡಿದವನ ಮೇಲೆ ಕೇಸ್ ಹಾಕಿ ಅನ್ನುವುದು ಅವರ ಸಿದ್ಧ ಉತ್ತರ. ಲಕ್ಷಾಂತರ ಮನೆಗಳ ಕೊಳಚೆ ಸೇರಿ ಆದ ಹಾನಿಗೆ ಯಾರ ಮೇಲೆ ಅಂತ ಕೇಸ್ ಹಾಕುತ್ತೀರಿ?

ಈಗ ಇದನ್ನು ಎಲ್ಲಿ ಬಳಸುವುದು

ವಾಟ್ಸಾಪ್ ಗುಂಪಿನಲ್ಲಿ ಜಗಳ ಆಡಲು ಬೇಡ. ಸರ್ಕಾರ ಎಷ್ಟೋ ಸಲ ನಿಯಮ ಮಾಡುವ ಮೊದಲು ಕರಡನ್ನು ರಾಜ್ಯಪತ್ರದಲ್ಲಿ (ಗೆಜೆಟ್) ಹಾಕಿ ಆಕ್ಷೇಪಣೆ ಕೇಳುತ್ತದೆ. ಸಿನಿಮಾ ಟಿಕೆಟ್ ಕರಡು 2025ರ ಜುಲೈನಲ್ಲಿ ಬಂದಿತ್ತು, ಆಕ್ಷೇಪಣೆಗೆ 15 ದಿನ. ಇಂಥ ಅವಧಿ ನಮ್ಮ ಗಮನಕ್ಕೇ ಬಾರದೆ ಮುಗಿದುಹೋಗುತ್ತದೆ. ರಾಜ್ಯಪತ್ರ ಆನ್‌ಲೈನ್‌ನಲ್ಲೇ ಸಿಗುತ್ತದೆ, ಕನ್ನಡದಲ್ಲೂ ಇರುತ್ತದೆ.

ಒಂದು ಪುಟ ಸಾಕು. ಕರಡಿನ ಸಂಖ್ಯೆ, ತಾರೀಖು ಮೇಲೆ ಹಾಕಿ. ಯಾವ ನಿಯಮ, ಯಾವ ಉಪನಿಯಮ ಅಂತ ಹೆಸರಿಸಿ. "ನಾನು ಲಿಬರ್ಟೇರಿಯನ್" ಅಂತ ಶುರು ಮಾಡಬೇಡಿ, ಗುಮಾಸ್ತರಿಗೆ ಅದು ಬೇಕಿಲ್ಲ. ಇದರಿಂದ ಇಂಥವರ ಕೈ ಕಟ್ಟುತ್ತದೆ, ಇಂಥ ಸಂಗತಿ ಕರಡಿನಲ್ಲಿ ಬಿಟ್ಟುಹೋಗಿದೆ, ಇದೇ ಉದ್ದೇಶಕ್ಕೆ ಇಂಥ ಹಗುರವಾದ ದಾರಿ ಇದೆ ಅಂತ ಮೂರು ಪ್ಯಾರಾ ಬರೆಯಿರಿ. ಕೊನೆಗೆ, ನಿಯಮ ಬರಲೇಬೇಕಾದರೆ ಎರಡು ವರ್ಷಕ್ಕೆ ತಾನೇ ರದ್ದಾಗಲಿ, ಬೇಕಾದರೆ ಸರ್ಕಾರ ಮತ್ತೆ ಲೆಕ್ಕ ಕೊಟ್ಟು ಮುಂದುವರಿಸಲಿ ಅಂತ ಒಂದು ಕೋರಿಕೆ ಸೇರಿಸಿ. ಇಮೇಲ್ ಮಾಡಿದರೆ ಪ್ರತಿ ಇಟ್ಟುಕೊಳ್ಳಿ, ಕೈಯಾರೆ ಕೊಟ್ಟರೆ ಇನ್ನೊಂದು ಪ್ರತಿ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಅವಧಿ ಮುಗಿಯುವ ಕೊನೆಯ ದಿನದ ತನಕ ಕಾಯಬೇಡಿ, ಆ ದಿನ ಸರ್ಕಾರಿ ರಜೆ ಇದ್ದರೂ ಇರಬಹುದು.